ಸ್ಥೂಲಕಾಯ, ತೂಕದ ಇಳಿಕೆ ಮತ್ತು ಬುದ್ಧಿಶಕ್ತಿ



ಚೆನ್ನೈ ಮಹಾನಗರದ ಮೈಲಾಪೂರ್ ಪ್ರದೇಶವು ಕಪಾಲೀಶ್ವರ ದೇವಾಲಯ, ಅದರ ವಿಶಾಲ ಪುಷ್ಕರಿಣಿ ಹಾಗೂ ಸುತ್ತಲಿನ ಮಾಡ ಬೀದಿಗಳಿಂದ ಪ್ರಸಿದ್ಧವಾದುದು. ಕನ್ನಡಿಗರಿಗೂ ಈ ಪ್ರದೇಶಕ್ಕೂ ಹಳೆಯ ನಂಟುಂಟು. ಆ ನಂಟಿನ ಬಹುಭಾಗವು ಊಟ ಉಪಾಹಾರಗಳದ್ದೆಂದರೆ ತಪ್ಪಾಗಲಾರದು. ದಕ್ಷಿಣ ಕನ್ನಡದಿಂದ ಬಂದ ಕೆ. ಕೃಷ್ಣರಾಯರು 1930ರ ದಶಕದಲ್ಲಿ ಮದರಾಸಿನಲ್ಲಿ ಆರಂಭಿಸಿದ ವುಡ್‌ಲ್ಯಾಂಡ್ಸ್ ಹೋಟೆಲಿನ ಪರಂಪರೆಯು ಡಾ. ರಾಧಾಕೃಷ್ಣನ್ ಸಾಲೈನಲ್ಲಿರುವ ನ್ಯೂ ವುಡ್‌ಲ್ಯಾಂಡ್ಸ್‌ನಲ್ಲಿ ಮುಂದುವರಿದಿದೆ. ಮಾರ್ಗಳಿ ಮಾಸದ ಸಂಗೀತೋತ್ಸವದ ದಿನಗಳಲ್ಲಿ ಸಭಾಗಳ ಕಛೇರಿಗಳಿಗೆ ಬರುವಷ್ಟೇ ಉತ್ಸಾಹದಿಂದ ಜನರು ಅಲ್ಲಿನ ಕ್ಯಾಂಟೀನುಗಳಿಗೂ ಬರುತ್ತಾರೆ.

ಇದೇ ಮೈಲಾಪೂರಿನ ಲಜ್ ಭಾಗದಲ್ಲಿ ನಾಗೇಶ್ವರ ರಾವ್ ಉದ್ಯಾನವಿದೆ. ನಸುಕಿನ ವೇಳೆ ಅಲ್ಲಿ ಬಿರುಸಿನಿಂದ ನಡೆಯುವವರನ್ನು ಕಾಣಬಹುದು. ಇಂತಹ ಉದ್ಯಾನಗಳಲ್ಲಿ ನಡು ವಯಸ್ಸು ದಾಟಿದವರ ಮಾತಿಗೆ ಕಿವಿಗೊಟ್ಟರೆ ಎರಡು ದೂರುಗಳು ಮರಳಿ ಮರಳಿ ಕೇಳಿಬರುತ್ತವೆ. ಎಷ್ಟು ನಡೆದರೂ ತೂಕ ಇಳಿಯುತ್ತಿಲ್ಲವೆಂಬುದು ಒಂದು. ಇತ್ತೀಚೆಗೆ ಮರೆವು ಹೆಚ್ಚಾಗಿದೆ, ಕೈಗೆತ್ತಿಕೊಂಡ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲವೆಂಬುದು ಇನ್ನೊಂದು. ಈ ಎರಡನ್ನೂ ಒಬ್ಬರೇ ಹೇಳಿದಾಗ ಕೇಳಿದವರು ಎರಡಕ್ಕೂ ವಯಸ್ಸೇ ಕಾರಣವೆಂದು ಸಮಾಧಾನ ಹೇಳಿ ಮುಂದೆ ನಡೆಯುತ್ತಾರೆ. ಆದರೆ ಇವುಗಳ ನಡುವೆ ಬೇರೊಂದು ಸಂಬಂಧವೂ ಇರಬಹುದೆಂದು ಕಳೆದ ಕೆಲವು ದಶಕಗಳ ವೈದ್ಯಕೀಯ ಸಂಶೋಧನೆ ಸೂಚಿಸುತ್ತಿದೆ. ಆ ಸಂಬಂಧವೇ ಈ ಉಪನ್ಯಾಸದ ವಿಷಯ.

ಮೊದಲಿಗೆ ಸ್ಥೂಲಕಾಯವೆಂದರೆ ಏನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದು ಉಚಿತ. ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆಗೆ ದೇಹ ತೂಕ ಸೂಚ್ಯಂಕವೆಂದು ಹೆಸರು. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಮಾನದಂಡದ ಪ್ರಕಾರ ಈ ಸೂಚ್ಯಂಕವು 30ನ್ನು ಮುಟ್ಟಿದರೆ ಸ್ಥೂಲಕಾಯ. ಭಾರತೀಯರಲ್ಲಿ ಅದಕ್ಕಿಂತ ಕಡಿಮೆ ತೂಕದಲ್ಲಿಯೇ ಮಧುಮೇಹ ಮತ್ತು ಹೃದ್ರೋಗಗಳು ತಲೆದೋರುವುದರಿಂದ, 2009ರಲ್ಲಿ ಪ್ರಕಟವಾದ ಭಾರತೀಯ ತಜ್ಞರ ಒಮ್ಮತದ ಹೇಳಿಕೆಯು 23ರಿಂದ ಅಧಿಕ ತೂಕವೆಂದೂ 25ರಿಂದ ಸ್ಥೂಲಕಾಯವೆಂದೂ ಪರಿಗಣಿಸಿತು. ಸೊಂಟದ ಸುತ್ತಳತೆಯು ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ತಲುಪಿದರೆ ಎಚ್ಚರ ವಹಿಸತಕ್ಕದ್ದು. ತೆಳ್ಳನೆಯ ಕೈಕಾಲುಗಳಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವವರು ತಾವು ದಪ್ಪಗಿಲ್ಲವೆಂದು ನಿಶ್ಚಿಂತರಾಗಿರುವುದು ಸರಿಯಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನಲ್ಲಿ 15ರಿಂದ 49 ವರ್ಷ ವಯಸ್ಸಿನ ಮಹಿಳೆಯರ ಪೈಕಿ ಶೇ. 40ರಷ್ಟು ಮಂದಿಯ ಸೂಚ್ಯಂಕ 25 ಅಥವಾ ಅದಕ್ಕಿಂತ ಹೆಚ್ಚು. ಕರ್ನಾಟಕದಲ್ಲಿ ಈ ಪ್ರಮಾಣ ಶೇ. 30. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ಚೆನ್ನೈನ ಮದ್ರಾಸ್ ಮಧುಮೇಹ ಸಂಶೋಧನಾ ಪ್ರತಿಷ್ಠಾನವು ಸಮನ್ವಯಗೊಳಿಸಿದ, 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವು ಒಂದು ಲಕ್ಷಕ್ಕೂ ಮಿಕ್ಕಿದ ವಯಸ್ಕರನ್ನು ಒಳಗೊಂಡಿತ್ತು. ಅದರಲ್ಲಿ ಹೊಟ್ಟೆಯ ಬೊಜ್ಜು ಉಳ್ಳವರ ಪ್ರಮಾಣ ಶೇ. 39.5 ಎಂದು ಕಂಡುಬಂದಿತು.

ಇನ್ನು ಬುದ್ಧಿಶಕ್ತಿಯ ವಿಚಾರ. ಇಲ್ಲಿ ಬುದ್ಧಿಶಕ್ತಿಯೆಂದರೆ ಪಾಂಡಿತ್ಯವಲ್ಲ, ಶಾಲೆಯ ಅಂಕಗಳೂ ಅಲ್ಲ. ಗಮನವಿಡುವುದು, ನೆನಪಿಡುವುದು, ಮಾತನ್ನು ಗ್ರಹಿಸುವುದು, ಮುಂದಾಲೋಚಿಸುವುದು ಮುಂತಾದ ಮಿದುಳಿನ ದಿನನಿತ್ಯದ ವ್ಯಾಪಾರಗಳನ್ನು ಒಟ್ಟಾಗಿ ಈ ಹೆಸರಿನಿಂದ ಕರೆಯಲಾಗುತ್ತದೆ. ಇವುಗಳಲ್ಲಿ ತೂಕದ ವಿಷಯಕ್ಕೆ ಅತ್ಯಂತ ಹತ್ತಿರವಾದುದು ಮನಶ್ಶಾಸ್ತ್ರಜ್ಞರು ಕಾರ್ಯನಿರ್ವಾಹಕ ಶಕ್ತಿ ಎನ್ನುವ ಸಾಮರ್ಥ್ಯ. ಹೆಸರು ತುಸು ಕಚೇರಿಯ ಕಡತದಂತೆ ತೋರಿದರೂ ಕನ್ನಡಿಗರಿಗೆ ಇದರ ಪರಿಚಯ ಹೊಸತಲ್ಲ. ಅಷ್ಟಾವಧಾನವನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಅವಧಾನಿಯು ಪದ್ಯ ಕಟ್ಟುತ್ತಿರುವಾಗ ನಿಷೇಧಾಕ್ಷರಿಯ ಪೃಚ್ಛಕರು ಮುಂದೆ ಬರಬಹುದಾದ ಅಕ್ಷರವನ್ನೇ ನಿಷೇಧಿಸುತ್ತಾರೆ. ನಾಲಗೆಯ ತುದಿಗೆ ತಾನಾಗಿ ಬಂದ ಪದವನ್ನು ತಡೆದು ಅವಧಾನಿಯು ಬೇರೊಂದನ್ನು ಆರಿಸಬೇಕಾಗುತ್ತದೆ. ಹಿಂದಿನ ಸುತ್ತಿನಲ್ಲಿ ಹೇಳಿದ ಪಾದವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡಿರಬೇಕು. ಅಪ್ರಸ್ತುತ ಪ್ರಸಂಗದವರು ನಡುವೆ ಕೇಳುವ ಕೀಟಲೆಯ ಪ್ರಶ್ನೆಗೆ ಉತ್ತರಿಸಿ, ಎಳೆ ತಪ್ಪದಂತೆ ಮತ್ತೆ ಪದ್ಯಕ್ಕೆ ಹೊರಳಬೇಕು. ತಡೆಯುವುದು, ಹಿಡಿದಿಡುವುದು, ಹೊರಳುವುದು ಎಂಬ ಈ ಮೂರೂ ಸೇರಿದುದೇ ಕಾರ್ಯನಿರ್ವಾಹಕ ಶಕ್ತಿ. ಅವಧಾನಿಗಳಲ್ಲಿ ಅದು ಅಸಾಧಾರಣ ಮಟ್ಟದಲ್ಲಿರುತ್ತದೆ. ಆದರೆ ಬಡಿಸುವವರು ಎರಡನೆಯ ವಡೆಯನ್ನು ಎಲೆಯ ಬಳಿಗೆ ತಂದಾಗ ಬೇಡವೆನ್ನುವ ಸಾಮಾನ್ಯನೂ ಬಳಸುವುದು ಅದೇ ಶಕ್ತಿಯನ್ನು.

ಬೊಜ್ಜು ಈ ಶಕ್ತಿಯನ್ನು ಹೇಗೆ ಮುಟ್ಟುತ್ತದೆ? ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು ಶೇ. 2 ಮಾತ್ರ. ವಿಶ್ರಾಂತಿಯಲ್ಲಿರುವ ದೇಹವು ವ್ಯಯಿಸುವ ಶಕ್ತಿಯಲ್ಲಾದರೋ ಅದರ ಪಾಲು ಸುಮಾರು ಶೇ. 20. ಆದ್ದರಿಂದ ರಕ್ತದ ಪೂರೈಕೆಯಲ್ಲಿಯೂ ಸಕ್ಕರೆಯ ಬಳಕೆಯಲ್ಲಿಯೂ ಉಂಟಾಗುವ ವ್ಯತ್ಯಯ ಮಿದುಳನ್ನು ತಟ್ಟದೆ ಇರದು. ಕೊಬ್ಬಿನ ಅಂಗಾಂಶವು ಕೇವಲ ಉಗ್ರಾಣವಲ್ಲ. 1994ರಲ್ಲಿ ಲೆಪ್ಟಿನ್ ಎಂಬ ಹಾರ್ಮೋನಿನ ಶೋಧವಾದ ಮೇಲೆ, ಆ ಅಂಗಾಂಶವು ಮಿದುಳಿಗೆ ನಿರಂತರ ಸಂದೇಶ ಕಳುಹಿಸುವ ಗ್ರಂಥಿಯಂತೆಯೂ ವರ್ತಿಸುತ್ತದೆಂಬುದು ದೃಢಪಟ್ಟಿತು. ಹೊಟ್ಟೆಯೊಳಗಿನ ಕೊಬ್ಬು ಹೆಚ್ಚಿದಂತೆ ಉರಿಯೂತಕ್ಕೆ ಕಾರಣವಾಗುವ ರಾಸಾಯನಿಕಗಳು ರಕ್ತದಲ್ಲಿ ಹೆಚ್ಚುತ್ತವೆ, ಇನ್ಸುಲಿನ್ನಿನ ಪ್ರಭಾವ ಕುಗ್ಗುತ್ತದೆ, ರಕ್ತದೊತ್ತಡ ಏರಿ ಸೂಕ್ಷ್ಮ ರಕ್ತನಾಳಗಳು ಪೆಡಸಾಗುತ್ತವೆ. ಇವೆಲ್ಲಕ್ಕಿಂತ ಅಲಕ್ಷ್ಯಕ್ಕೆ ಒಳಗಾಗಿರುವುದು ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ. ಕುತ್ತಿಗೆಯ ಸುತ್ತ ಕೊಬ್ಬು ಸೇರಿದವರು ಗೊರಕೆ ಹೊಡೆಯುತ್ತ, ನಡುನಡುವೆ ಉಸಿರು ನಿಂತು, ರಾತ್ರಿಯಲ್ಲಿ ಹತ್ತಾರು ಬಾರಿ ಅರಿವಿಲ್ಲದೆಯೇ ಎಚ್ಚರಗೊಳ್ಳುತ್ತಾರೆ. ಮರುದಿನದ ಮರೆವಿಗೂ ಮಂಕಿಗೂ ಇದೊಂದೇ ಸಾಕು. ಇದಕ್ಕೆ ಚಿಕಿತ್ಸೆಯಿದೆ. ಆದರೂ ಗೊರಕೆಯನ್ನು ಗಾಢನಿದ್ರೆಯ ಲಕ್ಷಣವೆಂದೇ ಬಹುತೇಕ ಮನೆಗಳಲ್ಲಿ ನಂಬಲಾಗಿದೆ.

ಇಲ್ಲಿ ಒಂದು ಅಪಾರ್ಥಕ್ಕೆ ಎಡೆಗೊಡಬಾರದು. ದಪ್ಪಗಿರುವವರು ಮಂದಬುದ್ಧಿಯವರೆಂದು ಯಾವ ಅಧ್ಯಯನವೂ ಹೇಳುವುದಿಲ್ಲ. ಲಂಬೋದರನನ್ನೇ ಬುದ್ಧಿಪ್ರದಾಯಕನೆಂದು ಪೂಜಿಸುವ ನಾಡಿನಲ್ಲಿ ಇದನ್ನು ಒತ್ತಿ ಹೇಳಬೇಕಾಗಿ ಬಂದಿರುವುದೇ ವಿಷಾದದ ಸಂಗತಿ. ಅಧ್ಯಯನಗಳಲ್ಲಿ ಕಂಡುಬರುವುದು ದೊಡ್ಡ ಗುಂಪುಗಳ ಸರಾಸರಿಯಲ್ಲಿನ ಸಣ್ಣ ಅಂತರ. ಒಬ್ಬ ವ್ಯಕ್ತಿಯ ಮೈಕಟ್ಟನ್ನು ನೋಡಿ ಆತನ ಬುದ್ಧಿಯನ್ನು ಊಹಿಸುವುದು ಅಜ್ಞಾನವೇ ಸರಿ. ಆದರೆ ದೀರ್ಘಕಾಲದ ಅಪಾಯವನ್ನು ಅಲ್ಲಗಳೆಯುವಂತೆಯೂ ಇಲ್ಲ. ಮರೆಗುಳಿತನದ ಬಗ್ಗೆ ಲ್ಯಾನ್ಸೆಟ್ ಪತ್ರಿಕೆ ನೇಮಿಸಿದ ಆಯೋಗವು 2024ರಲ್ಲಿ ಪಟ್ಟಿಮಾಡಿದ 14 ತಡೆಯಬಹುದಾದ ಕಾರಣಗಳಲ್ಲಿ ನಡುವಯಸ್ಸಿನ ಸ್ಥೂಲಕಾಯವೂ ಒಂದು. ಮಧುಮೇಹ, ರಕ್ತದೊತ್ತಡ ಮತ್ತು ದೈಹಿಕ ನಿಷ್ಕ್ರಿಯತೆಗಳೂ ಅದೇ ಪಟ್ಟಿಯಲ್ಲಿವೆ.

ಹಾಗಾದರೆ ತೂಕ ಇಳಿದರೆ ಬುದ್ಧಿಶಕ್ತಿ ಚೇತರಿಸಿಕೊಳ್ಳುತ್ತದೆಯೇ? ಇದಕ್ಕೆ ದೊರೆತಿರುವ ಉತ್ತರಗಳು ಏಕರೂಪವಾಗಿಲ್ಲ. ಅತ್ಯಂತ ಸ್ಪಷ್ಟವಾದ ಫಲಿತಾಂಶಗಳು ಬಂದಿರುವುದು ಜಠರದ ಗಾತ್ರವನ್ನು ಕುಗ್ಗಿಸುವ ಶಸ್ತ್ರಚಿಕಿತ್ಸೆಗೆ ಒಳಗಾದವರಿಂದ. ಅಮೆರಿಕದಲ್ಲಿ ಜಾನ್ ಗನ್‌ಸ್ಟಾಡ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆ ಪಡೆದ 109 ಮಂದಿಯನ್ನು, ಪಡೆಯದ 41 ಮಂದಿ ಸ್ಥೂಲಕಾಯರೊಂದಿಗೆ ಹೋಲಿಸಲಾಯಿತು. 12 ವಾರಗಳಲ್ಲಿಯೇ ಮೊದಲ ಗುಂಪಿನವರ ಸ್ಮರಣಶಕ್ತಿ ಸುಧಾರಿಸಿತ್ತು. ಇಂತಹ ಹೋಲಿಕೆ ಅತ್ಯವಶ್ಯಕ. ಒಂದೇ ಬಗೆಯ ಪರೀಕ್ಷೆಯನ್ನು ಎರಡನೆಯ ಬಾರಿ ಎದುರಿಸುವವರು ರೂಢಿಯ ಬಲದಿಂದಲೇ ಹೆಚ್ಚು ಅಂಕ ಗಳಿಸುವುದುಂಟು. ಹೋಲಿಕೆಯ ಗುಂಪಿಲ್ಲದಿದ್ದರೆ ಅದನ್ನೇ ಚಿಕಿತ್ಸೆಯ ಫಲವೆಂದು ತಪ್ಪಾಗಿ ತಿಳಿಯಬೇಕಾದೀತು. ನೆದರ್‌ಲೆಂಡ್ಸ್‌ನಲ್ಲಿ 133 ಮಂದಿಯನ್ನು ಶಸ್ತ್ರಚಿಕಿತ್ಸೆಯ ನಂತರ ಎರಡು ವರ್ಷಗಳವರೆಗೆ ಗಮನಿಸಿ 2024ರಲ್ಲಿ ಪ್ರಕಟಿಸಲಾದ ವರದಿಯಲ್ಲಿ, ಶೇ. 40ಕ್ಕೂ ಹೆಚ್ಚು ಮಂದಿಯ ಒಟ್ಟಾರೆ ಬುದ್ಧಿಶಕ್ತಿಯ ಅಂಕ ಶೇ. 20 ಅಥವಾ ಅದಕ್ಕಿಂತ ಮೇಲೇರಿತ್ತು.

ಆಹಾರ ಮತ್ತು ವ್ಯಾಯಾಮಗಳಿಂದ ತೂಕ ಇಳಿಸಿದವರ ವಿಷಯದಲ್ಲಿ ಫಲ ಇಷ್ಟು ಎದ್ದು ಕಾಣುವುದಿಲ್ಲ. ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿಯೂ 2017ರಲ್ಲಿಯೂ ನಡೆಸಿದ ಪರಾಮರ್ಶೆಗಳು ಗಮನ ಮತ್ತು ಸ್ಮೃತಿಗಳಲ್ಲಿ ಅಲ್ಪ ಪ್ರಮಾಣದ ಸುಧಾರಣೆಯನ್ನು ಗುರುತಿಸಿದವು. ಆದರೆ ಅಮೆರಿಕದಲ್ಲಿ ಮಧುಮೇಹವುಳ್ಳ 5,145 ಮಂದಿಯನ್ನು ಒಳಗೊಂಡು 2001ರಲ್ಲಿ ಆರಂಭವಾದ 'ಲುಕ್ ಅಹೆಡ್' ಎಂಬ ದೀರ್ಘ ಪ್ರಯೋಗದಲ್ಲಿ, ತೂಕ ಇಳಿಸುವ ತರಬೇತಿ ಪಡೆದವರಿಗೂ ಪಡೆಯದವರಿಗೂ ಒಟ್ಟಿನಲ್ಲಿ ಬುದ್ಧಿಶಕ್ತಿಯ ವ್ಯತ್ಯಾಸ ಕಾಣಲಿಲ್ಲ. ಸೂಚ್ಯಂಕ 30ಕ್ಕಿಂತ ಕಡಿಮೆಯಿದ್ದವರಲ್ಲಿ ಕೊಂಚ ಪ್ರಯೋಜನ ಕಂಡಿತು, ಅದಕ್ಕಿಂತ ಹೆಚ್ಚು ತೂಕದವರಲ್ಲಿ ಕಾಣಲಿಲ್ಲ. ವರ್ಷಗಟ್ಟಲೆ ಮಧುಮೇಹದಿಂದ ಬಳಲಿದ ಮೇಲೆ ತೂಕ ಇಳಿಸುವುದು ಮಿದುಳಿನ ಮಟ್ಟಿಗೆ ತಡವಾದ ಉಪಾಯವೇನೋ ಎಂಬ ಶಂಕೆಗೆ ಇದು ಅವಕಾಶ ಕೊಟ್ಟಿದೆ. ತೂಕ ಇಳಿಸಲು ವೈದ್ಯರು ಬರೆದುಕೊಡುವ ಸೆಮಾಗ್ಲುಟೈಡ್ ಔಷಧವನ್ನು ಆರಂಭದ ಹಂತದ ಆಲ್ಜೈಮರ್ ರೋಗಿಗಳಲ್ಲಿ ಪರೀಕ್ಷಿಸಿದ ಎರಡು ದೊಡ್ಡ ಪ್ರಯೋಗಗಳು ರೋಗದ ಓಟವನ್ನು ನಿಧಾನಗೊಳಿಸಲಿಲ್ಲವೆಂದು 2025ರ ನವೆಂಬರಿನಲ್ಲಿ ಪ್ರಕಟವಾಯಿತು. ಮಿದುಳಿಗೆ ಒಳಿತಾದೀತೆಂಬ ಜಾಹೀರಾತಿನ ಮಾತನ್ನು ನಂಬಿ ಇಂತಹ ಚುಚ್ಚುಮದ್ದುಗಳ ಬೆನ್ನು ಹತ್ತುವವರು ಈ ಸಂಗತಿಯನ್ನು ಅರಿತಿರುವುದು ಲೇಸು.

ಇದುವರೆಗೆ ಹೇಳಿದ್ದು ತೂಕದಿಂದ ಬುದ್ಧಿಯ ಕಡೆಗೆ ಹರಿಯುವ ಪ್ರಭಾವ. ಅದರ ವಿರುದ್ಧ ದಿಕ್ಕಿನ ಪ್ರಭಾವವು ಜನಸಾಮಾನ್ಯರಿಗೆ ಇನ್ನೂ ಮುಖ್ಯವಾದುದು. ಶಸ್ತ್ರಚಿಕಿತ್ಸೆಗೆ ಮುಂಚೆ ಅವಧಾನ, ಮುಂದಾಲೋಚನೆ ಮತ್ತು ಸ್ಮೃತಿಯ ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದವರೇ ಒಂದು ವರ್ಷದ ತರುವಾಯ ಹೆಚ್ಚು ತೂಕ ಕಳೆದುಕೊಂಡಿದ್ದರೆಂದು ಅಮೆರಿಕದ ಅದೇ ಸಂಶೋಧಕರ ಬಳಗವು 2013ರಲ್ಲಿ ವರದಿ ಮಾಡಿತು. ಅಂದರೆ, ತೂಕ ಇಳಿಸುವ ಕಾರ್ಯವೇ ಬುದ್ಧಿಯ ಮೇಲೆ ಭಾರ ಹೊರಿಸುವ ಕಾರ್ಯ.

ಮಾಡ ಬೀದಿಯ ಸಮೀಪದಲ್ಲಿ ವಾಸಿಸುವ 52 ವರ್ಷದ ಗೃಹಿಣಿಯೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ಎತ್ತರ 155 ಸೆಂ.ಮೀ., ತೂಕ 68 ಕಿ.ಗ್ರಾಂ., ಸೂಚ್ಯಂಕ 28.3. ಊಟ ಕಡಿಮೆ ಮಾಡಿ, ದಿನವೂ ನಡೆಯಿರಿ ಎಂದು ವೈದ್ಯರು ಹೇಳಿದ್ದಾರೆ. ಮಾತು ಸರಳ. ಆದರೆ ಆಕೆ ಬೆಳಗಿನ ಐದು ಗಂಟೆಗೆ ಎದ್ದು ಮನೆಮಂದಿಗೆಲ್ಲ ಇಡ್ಲಿ, ಚಟ್ನಿ, ಬುತ್ತಿಯ ಅನ್ನ ಸಿದ್ಧಪಡಿಸಬೇಕು. ಅತ್ತೆಯವರ ಮಾತ್ರೆಗಳ ವೇಳೆ ನೆನಪಿಡಬೇಕು. ಮಿಕ್ಕ ಉಪ್ಪಿಟ್ಟು ಚೆಲ್ಲಲು ಮನಸ್ಸೊಪ್ಪದು. ಅಡಿಗೆಮನೆಯಲ್ಲಿ ನಿಂತಷ್ಟು ಹೊತ್ತೂ ರುಚಿ ನೋಡುವ ಸಂದರ್ಭ ಒದಗುತ್ತಲೇ ಇರುತ್ತದೆ. ಸಂಜೆ ನೆಂಟರು ಬಂದರೆ ಕಾಫಿಯ ಜತೆಗೆ ತಾವೂ ಎರಡು ಚಕ್ಕುಲಿ ತಿನ್ನದಿದ್ದರೆ ಅವರು ಬಿಡರು. ಬೇಡವೆನ್ನುವ ನಿರ್ಧಾರವನ್ನು ಆಕೆ ದಿನಕ್ಕೆ ಹತ್ತಾರು ಬಾರಿ ಹೊಸದಾಗಿ ಕೈಗೊಳ್ಳಬೇಕು, ಅದೂ ರಾತ್ರಿ ಸರಿಯಾಗಿ ನಿದ್ರೆಯಿಲ್ಲದ ತಲೆಯಿಂದ. ಮೂರು ತಿಂಗಳ ಅನಂತರ ತೂಕ ಇಳಿಯದಿದ್ದಾಗ ಮನೆಯವರು ಆಕೆಗೆ ಮನಸ್ಸಿನ ದಾರ್ಢ್ಯವಿಲ್ಲವೆನ್ನುತ್ತಾರೆ. ಆಕೆಯೂ ಅದನ್ನೇ ನಂಬುತ್ತಾರೆ. ನಡೆದಿರುವುದು ಮಾತ್ರ ಬೇರೆ. ಯಾವ ಶಕ್ತಿಯು ದಣಿದಿದೆಯೋ ಅದೇ ಶಕ್ತಿಯಿಂದ ಎಲ್ಲ ಕೆಲಸವನ್ನೂ ಮಾಡಿಸಲು ಹೊರಟ ಚಿಕಿತ್ಸಾಕ್ರಮದ ದೋಷ ಅದು.

ಈ ಬಗೆಯ ದೋಷವನ್ನು ತಪ್ಪಿಸುವ ಮಾರ್ಗದ ಒಂದು ಮಾದರಿ ಚೆನ್ನೈ ನಗರದಲ್ಲಿಯೇ ದೊರೆಯುತ್ತದೆ. ಮದ್ರಾಸ್ ಮಧುಮೇಹ ಸಂಶೋಧನಾ ಪ್ರತಿಷ್ಠಾನವು ಅಮೆರಿಕದ ಎಮೋರಿ ವಿಶ್ವವಿದ್ಯಾಲಯದ ಸಹಯೋಗದಲ್ಲಿ ನಡೆಸಿದ, ಡಿ-ಕ್ಲಿಪ್ ಎಂಬ ಸಂಕ್ಷಿಪ್ತ ಹೆಸರಿನ ಪ್ರಯೋಗವದು. ಮಧುಮೇಹದ ಅಂಚಿನಲ್ಲಿದ್ದ, ಅಧಿಕ ತೂಕದ 578 ಮಂದಿ ಇದರಲ್ಲಿ ಪಾಲ್ಗೊಂಡಿದ್ದರು. ಒಂದು ಗುಂಪಿಗೆ ರೂಢಿಯ ಸಲಹೆ ಮಾತ್ರ. ಇನ್ನೊಂದು ಗುಂಪಿನವರು 16 ವಾರಗಳ ಕಾಲ ವಾರಕ್ಕೊಮ್ಮೆ ತರಗತಿಯಲ್ಲಿ ಸೇರುತ್ತಿದ್ದರು. ಆರಂಭದ ತೂಕದಲ್ಲಿ ಶೇ. 7ರಷ್ಟು ಇಳಿಕೆ, ವಾರಕ್ಕೆ 150 ನಿಮಿಷಗಳ ವ್ಯಾಯಾಮ ಎಂಬ ಗೊತ್ತಾದ ಗುರಿಗಳಿದ್ದವು. ಅಗತ್ಯ ಕಂಡವರಿಗೆ ಹಂತ ಹಂತವಾಗಿ ಮೆಟ್‌ಫಾರ್ಮಿನ್ ಮಾತ್ರೆಯನ್ನೂ ಸೇರಿಸಲಾಯಿತು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ವರ್ಷಗಳಲ್ಲಿ ಸಲಹೆ ಮಾತ್ರ ಪಡೆದ ಗುಂಪಿನ ಶೇ. 34.9 ಮಂದಿಗೆ ಮಧುಮೇಹ ಬಂದಿತು, ತರಗತಿಯ ಗುಂಪಿನಲ್ಲಿ ಶೇ. 25.7 ಮಂದಿಗೆ. ಪ್ರಯೋಗದ ಗುರಿ ಮಧುಮೇಹವನ್ನು ತಡೆಯುವುದಾಗಿತ್ತು, ಬುದ್ಧಿಶಕ್ತಿಯನ್ನು ಅಳೆಯುವುದಲ್ಲ. ಆದರೂ ಅದರ ರಚನೆಯನ್ನು ಗಮನಿಸಬೇಕು. ನಿಗದಿತ ದಿನ, ನಿಗದಿತ ವೇಳೆ, ಜತೆಗಾರರು, ಬರೆದಿಡುವ ಲೆಕ್ಕ, ಚಿಕ್ಕ ಗುರಿ. ಇವೆಲ್ಲವೂ ನೆನಪಿನ ಮತ್ತು ಸಂಯಮದ ಹೊರೆಯನ್ನು ವ್ಯಕ್ತಿಯ ತಲೆಯಿಂದ ಇಳಿಸಿ ವ್ಯವಸ್ಥೆಯ ಹೆಗಲಿಗೆ ಹಾಕುವ ಸಾಧನಗಳು.

ಮನೆಯಲ್ಲಿಯೂ ಇದನ್ನು ಅಳವಡಿಸಿಕೊಳ್ಳುವುದು ಸಾಧ್ಯ. 2025ರ ಫೆಬ್ರುವರಿಯಲ್ಲಿ ಪ್ರಸಾರವಾದ 'ಮನದ ಮಾತು' ಕಾರ್ಯಕ್ರಮದಲ್ಲಿ ಪ್ರಧಾನಮಂತ್ರಿಯವರು ಅಡುಗೆ ಎಣ್ಣೆಯ ಬಳಕೆಯನ್ನು ಶೇ. 10ರಷ್ಟು ತಗ್ಗಿಸುವಂತೆ ಕರೆ ನೀಡಿದರು. ತಿಂಗಳ ದಿನಸಿಯ ಚೀಟಿಯಲ್ಲಿ ಐದು ಲೀಟರಿನ ಬದಲು ನಾಲ್ಕೂವರೆ ಲೀಟರೆಂದು ಬರೆಯಲು ತಿಂಗಳಿಗೊಂದೇ ನಿರ್ಧಾರ ಸಾಕು. ಡಬ್ಬಿಯಲ್ಲಿರುವ ಕರಿದ ತಿಂಡಿಯನ್ನು ಮುಟ್ಟದಿರಲು ನೂರು ನಿರ್ಧಾರಗಳು ಬೇಕು. ತಟ್ಟೆಯ ಅರ್ಧಭಾಗ ತರಕಾರಿ ಹಣ್ಣುಗಳಿಂದ ತುಂಬಿರಬೇಕೆಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ತಿಳಿಸುತ್ತದೆ. ಪಲ್ಯ, ಕೋಸಂಬರಿಗಳನ್ನು ಮೊದಲು ಬಡಿಸಿ ಅನ್ನವನ್ನು ಅನಂತರ ಬಡಿಸುವ ಪದ್ಧತಿಯನ್ನು ಮನೆಯವರೆಲ್ಲರೂ ಒಪ್ಪಿಕೊಂಡರೆ ಒಬ್ಬರೇ ಪಥ್ಯದವರಂತೆ ಬೇರೆ ಕುಳಿತು ಉಣ್ಣಬೇಕಾಗಿಲ್ಲ. ನಡಿಗೆಗೆ ಜತೆಗಾರರೊಬ್ಬರು ಬಾಗಿಲ ಬಳಿ ಬಂದು ಕರೆದರೆ ಹೊರಡುವುದೋ ಬೇಡವೋ ಎಂಬ ಚರ್ಚೆಗೆ ಆಸ್ಪದವೇ ಇರದು. 30 ವರ್ಷ ಮೀರಿದವರ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆಯನ್ನು ರಾಷ್ಟ್ರೀಯ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದಡಿ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ನಡೆಸಲಾಗುತ್ತಿದೆ. ಮರೆವಿನ ದೂರಿದ್ದರೆ ಆ ಸಮಯದಲ್ಲಿಯೇ ತಿಳಿಸುವುದು ಒಳ್ಳೆಯದು. ಥೈರಾಯ್ಡ್ ದೋಷ, ಬಿ-12 ಜೀವಸತ್ವದ ಕೊರತೆ, ಖಿನ್ನತೆ ಇವುಗಳೂ ಮರೆವಿಗೆ ಕಾರಣವಾಗುತ್ತವೆ, ಇವು ಗುಣಪಡಿಸಬಹುದಾದವು.

ಅತಿಯಾದ ಉಪವಾಸದ ಬಗ್ಗೆಯೂ ಒಂದು ಮಾತು. ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅವರು ಆರೋಗ್ಯವಂತರಾದ 36 ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿರಿಸಿ ಪರೀಕ್ಷಿಸಿದರು. ಬುದ್ಧಿಯ ಪರೀಕ್ಷೆಗಳಲ್ಲಿ ಅವರ ಅಂಕಗಳು ಕುಸಿಯಲಿಲ್ಲ. ಆದರೆ ಯಾವುದರಲ್ಲಿಯೂ ಮನಸ್ಸು ನಿಲ್ಲದೆಂದು ಅವರು ಹೇಳಿಕೊಂಡರು. ಹಗಲಿರುಳೂ ಊಟದ ಯೋಚನೆಯೇ ಆಗಿ, ಕೆಲವರು ಪಾಕಶಾಸ್ತ್ರದ ಪುಸ್ತಕಗಳನ್ನು ಓದುತ್ತ ಕುಳಿತರು. ಅವರು ಸ್ಥೂಲಕಾಯರಾಗಿರಲಿಲ್ಲ, ನಿಜ. ಆದರೂ ಹದಿನೈದು ದಿನಗಳಲ್ಲಿ ಹತ್ತು ಕಿಲೋ ಇಳಿಸುವುದಾಗಿ ಹೇಳುವ ಪಥ್ಯಗಳನ್ನು ಹಿಡಿದವರಿಗೆ ಈ ಅನುಭವ ಅಪರಿಚಿತವೆನಿಸದು. ಮೇಲೆ ಹೇಳಿದ ಗೃಹಿಣಿಗೆ ಶೇ. 7ರ ಇಳಿಕೆಯೆಂದರೆ ಐದು ಕಿಲೋಗ್ರಾಂಗೂ ಕಡಿಮೆ. ಅದನ್ನು ಆರು ತಿಂಗಳಲ್ಲಿ ಸಾಧಿಸಿದರೂ ಸಾಕು.

ಬುದ್ಧಿಶಕ್ತಿಯ ಪರೀಕ್ಷೆಯ ಭಾಷೆಯ ಪ್ರಶ್ನೆಯೂ ಮೈಲಾಪೂರಿನಂತಹ ಸ್ಥಳಗಳಲ್ಲಿ ಏಳುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಮಾತನಾಡುವ ಹಿರಿಯರೊಬ್ಬರನ್ನು ಇಂಗ್ಲಿಷಿನಲ್ಲಿ ಪದಗಳ ಪಟ್ಟಿ ಕೊಟ್ಟು ಪರೀಕ್ಷಿಸಿದರೆ ಅಲ್ಲಿ ಅಳೆಯಲ್ಪಡುವುದು ಸ್ಮೃತಿಗಿಂತ ಹೆಚ್ಚಾಗಿ ಇಂಗ್ಲಿಷಿನ ಪರಿಚಯ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಗ್ರಾಮಗಳಲ್ಲಿ 2018ರಲ್ಲಿ ಆರಂಭಿಸಿದ ಅಧ್ಯಯನವು ಈ ದೃಷ್ಟಿಯಿಂದ ಮಹತ್ವದ್ದು. 45 ವರ್ಷ ಮೀರಿದ ಹತ್ತು ಸಾವಿರ ಗ್ರಾಮಸ್ಥರನ್ನು ವರ್ಷಾನುವರ್ಷ ಗಮನಿಸುವ ಉದ್ದೇಶ ಅದಕ್ಕಿದೆ. ತೂಕ, ರಕ್ತ ಮತ್ತು ಮಿದುಳಿನ ಪರೀಕ್ಷೆಗಳೊಂದಿಗೆ ಅವರ ಭಾಷೆಗೂ ಓದಿನ ಮಟ್ಟಕ್ಕೂ ಹೊಂದುವಂತೆ ಬುದ್ಧಿಶಕ್ತಿಯನ್ನು ಅಳೆಯಲಾಗುತ್ತಿದೆ. ಇಂತಹ ಭಾರತೀಯ ದಾಖಲೆಗಳು ಬೆಳೆದಂತೆ, ವಿದೇಶದ ಅಂಕಿ ಅಂಶಗಳನ್ನೇ ಆಧರಿಸಿ ಮಾತನಾಡುವ ಅನಿವಾರ್ಯತೆ ತಗ್ಗೀತು.

ಕಡೆಯದಾಗಿ ವೃದ್ಧರ ವಿಷಯ. ನಡುವಯಸ್ಸಿನ ನಿಯಮವನ್ನು ಎಪ್ಪತ್ತು ದಾಟಿದವರಿಗೆ ಅನ್ವಯಿಸತಕ್ಕದ್ದಲ್ಲ. ಲಂಡನ್ನಿನ ಹತ್ತು ಸಾವಿರ ಮಂದಿ ಸರ್ಕಾರಿ ನೌಕರರನ್ನು 28 ವರ್ಷಗಳ ಕಾಲ ಗಮನಿಸಿದ ಅಧ್ಯಯನದಲ್ಲಿ, 50ರ ವಯಸ್ಸಿನಲ್ಲಿ ಸ್ಥೂಲಕಾಯರಾಗಿದ್ದವರಿಗೆ ಮುಂದೆ ಮರೆಗುಳಿತನದ ಅಪಾಯ ಹೆಚ್ಚಾಗಿತ್ತು. ಆದರೆ ರೋಗ ಪತ್ತೆಯಾಗುವುದಕ್ಕೆ ಸುಮಾರು ಎಂಟು ವರ್ಷ ಮೊದಲಿನಿಂದ ಅದೇ ರೋಗಿಗಳ ತೂಕ ಇತರರದಕ್ಕಿಂತ ಕಡಿಮೆಯಾಗಿತ್ತು. ಊಟ ಮಾಡಿದುದನ್ನೇ ಮರೆಯುವುದು, ರುಚಿ ವಾಸನೆಗಳು ಕುಗ್ಗುವುದು, ಅಡುಗೆಯ ಕ್ರಮ ತಪ್ಪುವುದು ಇವೆಲ್ಲ ತೂಕದ ಇಳಿಕೆಯಾಗಿ ಮೊದಲು ಕಾಣಿಸಿಕೊಳ್ಳಬಹುದು. ಮನೆಯ ಹಿರಿಯರು ಯಾವ ಪಥ್ಯವನ್ನೂ ಮಾಡದೆ ಆರು ತಿಂಗಳಿಂದ ಒಂದು ವರ್ಷದೊಳಗೆ ತಮ್ಮ ತೂಕದ ಶೇ. 5ರಷ್ಟನ್ನು, ಅಂದರೆ 60 ಕಿ.ಗ್ರಾಂ. ಇದ್ದವರು 3 ಕಿ.ಗ್ರಾಂ.ನಷ್ಟನ್ನು ಕಳೆದುಕೊಂಡರೆ, ಮೈ ಹಗುರವಾಯಿತೆಂದು ಸಂತೋಷಪಡದೆ ಅವರನ್ನು ವೈದ್ಯರ ಬಳಿಗೆ ಕರೆದೊಯ್ಯುವುದು ಅವಶ್ಯ.